ಕುಲುಮೆಯ ಅನಿಲದಿಂದ ಇಂಧನ: ಬ್ಯಾಕ್ಟೀರಿಯಾದ ದುಡಿಮೆ, ಇಂಗಾಲದ ಲೆಕ್ಕ

ಚೀನಾದ ಹೆಬೆ ಪ್ರಾಂತ್ಯದ ಕರಾವಳಿಯಲ್ಲಿ ಸಾವೊಫೇಡಿಯನ್ ಎಂಬ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಶೌಗಾಂಗ್ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ. ಅದರ ಮಗ್ಗುಲಲ್ಲೇ 2018ರ ಮೇ ತಿಂಗಳಲ್ಲಿ ಇನ್ನೊಂದು ಘಟಕ ಕೆಲಸ ಆರಂಭಿಸಿತು. ವರ್ಷಕ್ಕೆ 46,000 ಟನ್ ಎಥೆನಾಲ್ ತಯಾರಿಸುವ ಸಾಮರ್ಥ್ಯ ಅದರದು. ಆದರೆ ಅದರ ಅಂಗಳಕ್ಕೆ ಕಬ್ಬಿನ ಲಾರಿ ಬರುವುದಿಲ್ಲ, ಕಾಕಂಬಿಯ ಟ್ಯಾಂಕರ್ ಬರುವುದಿಲ್ಲ, ಮೆಕ್ಕೆಜೋಳದ ಮೂಟೆಯೂ ಇಳಿಯುವುದಿಲ್ಲ. ಬರುವುದು ಒಂದು ಕೊಳವೆ ಮಾತ್ರ. ಉಕ್ಕು ತಯಾರಿಸುವಾಗ ಹೊರಬಿದ್ದ ಅನಿಲವನ್ನು ಅದು ಎತ್ತರದ ತೊಟ್ಟಿಗಳಿಗೆ ತಂದು ಬಿಡುತ್ತದೆ. ತೊಟ್ಟಿಯ ನೀರಿನಲ್ಲಿರುವ ಬ್ಯಾಕ್ಟೀರಿಯಾ ಆ ಅನಿಲವನ್ನೇ ಉಂಡು ಬದುಕುತ್ತದೆ, ಉಂಡದ್ದರಲ್ಲಿ ಒಂದು ಪಾಲನ್ನು ಎಥೆನಾಲ್ ಆಗಿ ಹೊರಹಾಕುತ್ತದೆ.

ಇದೇ ತಂತ್ರಜ್ಞಾನದ ಘಟಕವೊಂದನ್ನು ಇಂಡಿಯನ್ ಆಯಿಲ್ ಸಂಸ್ಥೆ ಹರಿಯಾಣದ ಪಾಣಿಪತ್‌ನಲ್ಲಿರುವ ತನ್ನ ತೈಲ ಶುದ್ಧೀಕರಣಾಗಾರದಲ್ಲಿ ಸ್ಥಾಪಿಸಿದೆ. ಬೆಲ್ಜಿಯಂನ ಗೆಂಟ್ ನಗರದಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿಯ ಕಾರ್ಖಾನೆಯಲ್ಲೂ ಒಂದಿದೆ. ಇಂಥ ಘಟಕ ಎಲ್ಲೇ ತೆರೆದರೂ, ಮಾಲಿನ್ಯವೇ ಇಂಧನವಾಯಿತು, ಇನ್ನು ಚಿಮಣಿಗಳ ಚಿಂತೆ ಬೇಡ ಎಂಬ ಧಾಟಿಯ ಸುದ್ದಿ ಬರುತ್ತದೆ. ಸುದ್ದಿಯ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಒಪ್ಪುವ ಮೊದಲು ಸ್ವಲ್ಪ ಲೆಕ್ಕ ಹಾಕಬೇಕು. ಬ್ಯಾಕ್ಟೀರಿಯಾ ತನ್ನ ಪಾಲಿನ ಕೆಲಸವನ್ನು ಮಾಡಿ ತೋರಿಸಿದೆ. ಅದರ ದುಡಿಮೆಯಿಂದ ವಾತಾವರಣಕ್ಕೆ ಎಷ್ಟು ಉಪಕಾರವಾಯಿತು ಎಂಬುದು ಮಾತ್ರ ಅದಕ್ಕೆ ಉಣಿಸಿದ ಅನಿಲ ಎಲ್ಲಿಂದ ಬಂತು, ಉಣಿಸದೇ ಇದ್ದಿದ್ದರೆ ಆ ಅನಿಲ ಏನಾಗುತ್ತಿತ್ತು ಎಂಬುದರ ಮೇಲೆ ನಿಂತಿದೆ.

ಕುಲುಮೆಯಿಂದ ಬರುವುದು ಏನು?

ಕಬ್ಬಿಣದ ಅದಿರಿನಲ್ಲಿ ಕಬ್ಬಿಣ ಮತ್ತು ಆಮ್ಲಜನಕ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಮ್ಲಜನಕವನ್ನು ಕಿತ್ತು ತೆಗೆದರೆ ಮಾತ್ರ ಕಬ್ಬಿಣ ಸಿಗುತ್ತದೆ. ಆ ಕೀಳುವ ಕೆಲಸವನ್ನು ಊದುಕುಲುಮೆಯಲ್ಲಿ ಕೋಕ್ ಮಾಡುತ್ತದೆ. ಕಲ್ಲಿದ್ದಲನ್ನು ಗಾಳಿ ತಗುಲದಂತೆ ಬೇಯಿಸಿ ಪಡೆದ, ಬಹುಪಾಲು ಇಂಗಾಲವೇ ಆಗಿರುವ ವಸ್ತು ಕೋಕ್. ಅದು ಮೊದಲು ಕಾರ್ಬನ್ ಮಾನಾಕ್ಸೈಡ್ ಆಗಿ, ಆ ಅನಿಲ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆದರೆ ಕುಲುಮೆಯಲ್ಲಿ ಹುಟ್ಟಿದ ಮಾನಾಕ್ಸೈಡ್ ಎಲ್ಲವೂ ಹೀಗೆ ಬದಲಾಗುವುದಿಲ್ಲ. ಉಳಿದದ್ದು ಮೇಲಿನಿಂದ ಹೊರಬರುತ್ತದೆ. ಊದುಕುಲುಮೆಯ ಅನಿಲದಲ್ಲಿ ಸುಮಾರು ಅರ್ಧ ಸಾರಜನಕ, ಶೇ 20ರಿಂದ 25ರಷ್ಟು ಕಾರ್ಬನ್ ಮಾನಾಕ್ಸೈಡ್, ಹೆಚ್ಚುಕಡಿಮೆ ಅಷ್ಟೇ ಕಾರ್ಬನ್ ಡೈಆಕ್ಸೈಡ್, ಒಂದಿಷ್ಟು ಜಲಜನಕ ಇರುತ್ತವೆ. ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಊದಿ ಉಕ್ಕು ಮಾಡುವ ಮುಂದಿನ ಹಂತದಲ್ಲಿ, ಅಂದರೆ ಕನ್ವರ್ಟರ್‌ನಲ್ಲಿ ಬರುವ ಅನಿಲ ಇನ್ನೂ ಸತ್ವವುಳ್ಳದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಾನಾಕ್ಸೈಡೇ ಇರುತ್ತದೆ.

ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಮನುಷ್ಯನಿಗೆ ವಿಷ. 2014ರ ಜೂನ್‌ನಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಅನಿಲ ಸೋರಿ ಆರು ಮಂದಿ ಸತ್ತದ್ದು ಅನೇಕರಿಗೆ ನೆನಪಿರಬಹುದು. ಹಾಗಾಗಿ ಇದನ್ನು ಸುಮ್ಮನೆ ಗಾಳಿಗೆ ಬಿಡುವಂತಿಲ್ಲ. ಇದು ಉರಿಯುವ ಅನಿಲವೂ ಹೌದು. ಕಾರ್ಖಾನೆಗಳು ಇದನ್ನು ಹಿಡಿದು ಕುಲುಮೆಗೆ ಊದುವ ಗಾಳಿಯನ್ನು ಕಾಯಿಸಲು, ಉಕ್ಕಿನ ಗಟ್ಟಿಗಳನ್ನು ಮತ್ತೆ ಕೆಂಪಗೆ ಮಾಡಲು, ಬಾಯ್ಲರ್ ಉರಿಸಿ ವಿದ್ಯುತ್ ಮಾಡಲು ಬಳಸುತ್ತವೆ. ಹೆಚ್ಚಾದದ್ದನ್ನು, ಹಿಡಿಯಲು ಆಗದ್ದನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಟ್ಟು ಬಿಡುತ್ತವೆ. ‘ತ್ಯಾಜ್ಯ ಅನಿಲ’ ಎಂದು ನಾವು ಕರೆಯುವುದರಲ್ಲಿ ನಿಜವಾಗಿ ವ್ಯರ್ಥವಾಗುವುದು ಈ ಕೊನೆಯ ಪಾಲು ಮಾತ್ರ. ಈ ಸಂಗತಿ ಮುಂದೆ ಮತ್ತೆ ಬೇಕಾಗುತ್ತದೆ.

ಮೊಲದ ಹಿಕ್ಕೆಯಿಂದ ಬಂದ ಜೀವಿ

ಕಾರ್ಬನ್ ಮಾನಾಕ್ಸೈಡನ್ನು ಆಹಾರ ಮಾಡಿಕೊಂಡ ಜೀವಿಗಳು ಭೂಮಿಯ ಮೇಲೆ ಇವೆ. ಅವುಗಳಲ್ಲಿ ಒಂದು ಗುಂಪಿಗೆ ಆಮ್ಲಜನಕ ಸುಳಿಯದ ಜಾಗಗಳೇ ಮನೆ: ಕೆಸರು, ಪ್ರಾಣಿಗಳ ಕರುಳು, ಬಿಸಿನೀರಿನ ಬುಗ್ಗೆ. ಅಸಿಟಿಕ್ ಆಮ್ಲವನ್ನು ಹೊರಹಾಕುವುದರಿಂದ ಇವುಗಳಿಗೆ ಅಸಿಟೋಜೆನ್ ಎಂದು ಹೆಸರು. ಇಂಥದೊಂದು ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ವೀರಿಂಗಾ 1936ರಲ್ಲೇ ವರ್ಣಿಸಿದ್ದರು. ಅನಿಲವನ್ನು ಇವು ಹೇಗೆ ಜೀರ್ಣಿಸಿಕೊಳ್ಳುತ್ತವೆ ಎಂಬುದನ್ನು ಬಿಡಿಸಿ ತೋರಿಸಲು ಹಾರ್ಲೆಂಡ್ ವುಡ್, ಲಾರ್ಸ್ ಯುಂಗ್‌ಡಾಲ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ದುಡಿದರು. ಆ ರಾಸಾಯನಿಕ ಹಾದಿಗೆ ಈ ಇಬ್ಬರ ಹೆಸರೇ ನಿಂತಿದೆ. ಗಾಳಿಯಲ್ಲಿ ಆಮ್ಲಜನಕ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಜೀವಜಗತ್ತಿನ ಆರಂಭದ ದಿನಗಳಲ್ಲೇ ಇದು ರೂಪುಗೊಂಡಿರಬೇಕು ಎಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಹಾದಿ ಸರಳವಾಗಿ ಹೀಗಿದೆ. ಒಂದು ಇಂಗಾಲದ ಅಣುವನ್ನು ಇನ್ನೊಂದಕ್ಕೆ ಜೋಡಿಸಿ ಎರಡು ಇಂಗಾಲದ ತುಣುಕೊಂದನ್ನು ಬ್ಯಾಕ್ಟೀರಿಯಾ ಕಟ್ಟುತ್ತದೆ. ನಿಕ್ಕಲ್ ಮತ್ತು ಕಬ್ಬಿಣ ಅಡಗಿರುವ ಕಿಣ್ವವೊಂದು ಈ ಜೋಡಣೆಯನ್ನು ಮಾಡುತ್ತದೆ. ಜೋಡಣೆಗೆ ಬೇಕಾದ ಶಕ್ತಿ ಮಾನಾಕ್ಸೈಡಿನಿಂದಲೋ ಜಲಜನಕದಿಂದಲೋ ಬರುತ್ತದೆ. ಆ ತುಣುಕಿನ ಒಂದು ಭಾಗ ಬ್ಯಾಕ್ಟೀರಿಯಾದ ಮೈ ಬೆಳೆಯಲು ಹೋಗುತ್ತದೆ. ಉಳಿದದ್ದು ಅಸಿಟಿಕ್ ಆಮ್ಲವಾಗುತ್ತದೆ. ಸುತ್ತಲ ನೀರು ಹುಳಿಯಾಗುತ್ತ ಬಂದಂತೆ ಆಮ್ಲವನ್ನು ಎಥೆನಾಲ್ ಆಗಿ ಬದಲಿಸುವ ಗುಣ ಕೆಲವು ಜಾತಿಗಳಿಗಿದೆ. ಎಂಜಿನಿಯರುಗಳು ಹಿಡಿದುಕೊಂಡದ್ದು ಈ ಗುಣವನ್ನೇ. ಹುಳಿಯನ್ನೂ ಪೋಷಕಾಂಶಗಳನ್ನೂ ಹದದಲ್ಲಿಟ್ಟರೆ ಬ್ಯಾಕ್ಟೀರಿಯಾ ಆಮ್ಲವನ್ನು ಕಡಿಮೆ ಮಾಡಿ ಎಥೆನಾಲನ್ನೇ ಹೆಚ್ಚು ಕೊಡುತ್ತದೆ.

ಉದ್ಯಮದ ಕೈಗೆ ಬಂದ ಎರಡು ಮುಖ್ಯ ಜಾತಿಗಳ ಮೂಲ ಬಹಳ ಸಾಮಾನ್ಯವಾದ ಜಾಗಗಳು. ಅಮೆರಿಕದ ಅರ್ಕಾನ್ಸಾದಲ್ಲಿ ಕೋಳಿಗಳ ಅಂಗಳದ ಕಸದಿಂದ ‘ಕ್ಲಾಸ್ಟ್ರಿಡಿಯಂ ಯುಂಗ್‌ಡಾಲಿ’ ಸಿಕ್ಕಿತು. ಬೆಲ್ಜಿಯಂನ ವಿಜ್ಞಾನಿಗಳಿಗೆ ಮೊಲದ ಹಿಕ್ಕೆಯಲ್ಲಿ ‘ಕ್ಲಾಸ್ಟ್ರಿಡಿಯಂ ಆಟೊಎಥೆನೊಜೆನಂ’ ಸಿಕ್ಕಿತು. ಅದರ ವಿವರ 1994ರಲ್ಲಿ ಪ್ರಕಟವಾಯಿತು. ಸಾವೊಫೇಡಿಯನ್‌ನ ತೊಟ್ಟಿಗಳಲ್ಲಿ ದುಡಿಯುತ್ತಿರುವುದು ಈ ಎರಡನೆಯದರ ವಂಶ.

ಪ್ರಯೋಗಶಾಲೆಯಿಂದ ಕಾರ್ಖಾನೆಗೆ

ಬ್ಯಾಕ್ಟೀರಿಯಾ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೊದಲ ತೊಡಕು ನೀರಿನದು. ಒಂದು ಲೀಟರ್ ನೀರಿನಲ್ಲಿ ಎರಡು ಕಿಲೊ ಹತ್ತಿರ ಸಕ್ಕರೆ ಕರಗುತ್ತದೆ. ಹಾಗಾಗಿ ಸಕ್ಕರೆಯಿಂದ ಎಥೆನಾಲ್ ಮಾಡುವ ಯೀಸ್ಟಿಗೆ ಎಂದೂ ಊಟದ ಕೊರತೆಯಿಲ್ಲ. ಆದರೆ ಅದೇ ಒಂದು ಲೀಟರ್ ನೀರಿನಲ್ಲಿ, ಸಾಮಾನ್ಯ ಒತ್ತಡದಲ್ಲಿ, ಶುದ್ಧ ಕಾರ್ಬನ್ ಮಾನಾಕ್ಸೈಡ್ ಕರಗುವುದು 30 ಮಿಲಿಗ್ರಾಂಗಿಂತ ಕಡಿಮೆ. ಜಲಜನಕ ಎರಡು ಮಿಲಿಗ್ರಾಂ ಕೂಡ ಇಲ್ಲ. ಬ್ಯಾಕ್ಟೀರಿಯಾ ನೀರಿನಲ್ಲಿದೆ, ಅದರ ಊಟ ಗುಳ್ಳೆಯೊಳಗಿದೆ. ಗುಳ್ಳೆ ಮೇಲೇರಿ ಒಡೆಯುವ ಮೊದಲು ಊಟ ನೀರಿಗಿಳಿಯಬೇಕು. ಗುಳ್ಳೆಗಳನ್ನು ಸೂಕ್ಷ್ಮವಾಗಿ ಒಡೆಯುವುದು, ತೊಟ್ಟಿಯನ್ನು ಎತ್ತರ ಮಾಡುವುದು, ದ್ರವವನ್ನು ಸುತ್ತಿ ಸುತ್ತಿ ಹರಿಸುವುದು — ಈ ಉದ್ಯಮದ ಜಾಣ್ಮೆ ಮತ್ತು ಖರ್ಚು ಎರಡೂ ಬಹುಮಟ್ಟಿಗೆ ಇಲ್ಲೇ ಇವೆ. ಆಮ್ಲಜನಕ ನುಸುಳಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕೊನೆಯಲ್ಲಿ ಸಿಗುವ ದ್ರವದಲ್ಲಿ ಎಥೆನಾಲ್ ಪ್ರಮಾಣವೂ ತೆಳು. ಅದನ್ನು ಬಟ್ಟಿ ಇಳಿಸಿ ನೀರಿನಿಂದ ಬೇರೆ ಮಾಡಲು ಶಾಖ ಬೇಕು.

ಈ ತೊಡಕುಗಳನ್ನು ಗೆಲ್ಲಲು ಹೊರಟವರಲ್ಲಿ ಕೆಲವರು ಅರ್ಧದಾರಿಯಲ್ಲೇ ನಿಂತರು. ಅಮೆರಿಕದ ಕಾಸ್ಕಾಟಾ ಕಂಪನಿಗೆ 2008ರಲ್ಲಿ ಜನರಲ್ ಮೋಟರ್ಸ್ ಹಣ ಹೂಡಿದಾಗ ದೊಡ್ಡ ಸುದ್ದಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಕಟ್ಟಿಗೆಯನ್ನು ಅನಿಲ ಮಾಡುವ ಮಾತು ಬಿಟ್ಟು ನೈಸರ್ಗಿಕ ಅನಿಲದ ಕಡೆ ತಿರುಗಿತು, ಆಮೇಲೆ ಮುಚ್ಚಿತು. ಫ್ಲಾರಿಡಾದ ವೆರೊ ಬೀಚ್‌ನಲ್ಲಿ ಇನಿಯೋಸ್ ಬಯೊ ಕಂಪನಿ, ಮರದ ಕಸವನ್ನು ಅನಿಲ ಮಾಡಿ ಬ್ಯಾಕ್ಟೀರಿಯಾಕ್ಕೆ ಉಣಿಸುವ ಘಟಕ ಕಟ್ಟಿತು. ಆ ಅನಿಲದಲ್ಲಿ ಸೇರಿಕೊಂಡಿದ್ದ ಹೈಡ್ರೋಜನ್ ಸಯನೈಡ್ ಬ್ಯಾಕ್ಟೀರಿಯಾಕ್ಕೆ ವಿಷವಾಯಿತು. ಅದನ್ನು ತೊಳೆಯುವ ಸಲಕರಣೆ ಜೋಡಿಸಿದರೂ ಘಟಕ ಎಣಿಸಿದ ಮಟ್ಟಕ್ಕೆ ಓಡಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತಿತು.

ಗೆದ್ದ ಕಥೆ ಲಾಂಝಾಟೆಕ್ ಕಂಪನಿಯದು. ಶಾನ್ ಸಿಂಪ್ಸನ್ ಮತ್ತು ರಿಚರ್ಡ್ ಫಾರ್ಸ್ಟರ್ ಎಂಬ ವಿಜ್ಞಾನಿಗಳು 2005ರಲ್ಲಿ ನ್ಯೂಜಿಲೆಂಡ್‌ನಲ್ಲಿ ಅದನ್ನು ಆರಂಭಿಸಿದರು. ಕಟ್ಟಿಗೆಯನ್ನೋ ಕಸವನ್ನೋ ಅನಿಲ ಮಾಡುವ ಗೊಡವೆಗೆ ಮೊದಲು ಹೋಗದೆ, ಅನಿಲ ಸಿದ್ಧವಾಗಿ ಸಿಗುವ ಜಾಗಕ್ಕೆ ಅವರು ಹೋದರು. 2008ರಲ್ಲಿ ಗ್ಲೆನ್‌ಬ್ರೂಕ್ ಉಕ್ಕಿನ ಕಾರ್ಖಾನೆಯಲ್ಲಿ ಸಣ್ಣ ಘಟಕ, ಬಳಿಕ ಚೀನಾದಲ್ಲಿ ಬಾವೊಸ್ಟೀಲ್ ಮತ್ತು ಶೌಗಾಂಗ್ ಕಾರ್ಖಾನೆಗಳಲ್ಲಿ ಪ್ರಾತ್ಯಕ್ಷಿಕೆ, 2018ರಲ್ಲಿ ಸಾವೊಫೇಡಿಯನ್‌ನಲ್ಲಿ ವಾಣಿಜ್ಯ ಉತ್ಪಾದನೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಂಥ ಎಥೆನಾಲಿನಿಂದ ಮಾಡಿದ ಇಂಧನ ಬೆರೆಸಿಕೊಂಡ ವರ್ಜಿನ್ ಅಟ್ಲಾಂಟಿಕ್ ವಿಮಾನ ಅಮೆರಿಕದ ಒರ್ಲ್ಯಾಂಡೊದಿಂದ ಲಂಡನ್ನಿಗೆ ಹಾರಿತು. ಗೆಂಟ್‌ನ ಘಟಕ 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ವರ್ಷಕ್ಕೆ 8 ಕೋಟಿ ಲೀಟರ್. ಎಥೆನಾಲಿನಿಂದ ಪಾಲಿಯೆಸ್ಟರ್ ಬಟ್ಟೆಯ ಕಚ್ಚಾವಸ್ತುವನ್ನೂ ಮಾಡಬಹುದು. 2021ರಲ್ಲಿ ಝಾರಾ ಕಂಪನಿ ಮಾರಿದ ಕೆಲವು ಉಡುಪುಗಳ ನೂಲಿನಲ್ಲಿ ಚೀನಾದ ಕುಲುಮೆಗಳ ಇಂಗಾಲವಿತ್ತು. ಆ ಎಥೆನಾಲನ್ನು ನೂಲಿನ ರಾಸಾಯನಿಕವಾಗಿ ಬದಲಿಸಿದ್ದು ನಮ್ಮದೇ ದೇಶದ ಇಂಡಿಯಾ ಗ್ಲೈಕಾಲ್ಸ್.

ತಂತ್ರಜ್ಞಾನ ಗೆದ್ದರೂ ವ್ಯಾಪಾರ ಸುಲಭವಾಗಲಿಲ್ಲ. 2023ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂದ ಲಾಂಝಾಟೆಕ್, ಮುಂದಕ್ಕೆ ನಡೆಯಬಲ್ಲೆನೇ ಎಂಬ ಬಗ್ಗೆ ಗಂಭೀರ ಸಂದೇಹವಿದೆ ಎಂದು 2025ರಲ್ಲಿ ತನ್ನ ಹಣಕಾಸು ವರದಿಯಲ್ಲೇ ಹೇಳಿಕೊಂಡಿತು. ದೊಡ್ಡ ಬಂಡವಾಳ ಹೂಡಿ, ಪೇಟೆಯಲ್ಲಿ ಅಗ್ಗವಾಗಿ ಸಿಗುವ ಎಥೆನಾಲ್ ಜೊತೆ ಪೈಪೋಟಿ ಮಾಡಬೇಕಾದ ಉದ್ಯಮ ಇದು. ಸರ್ಕಾರದ ನಿಯಮಗಳು ಇದರ ಪರಿಸರದ ಗುಣಕ್ಕೆ ಬೆಲೆ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಆ ಗುಣ ಎಷ್ಟು ಎಂದು ಅಳೆಯುವುದು ವಿಜ್ಞಾನಿಗಳಿಗೆ ಮಾತ್ರ ಸೇರಿದ ವಿಷಯವಲ್ಲ, ತೆರಿಗೆ ಕಟ್ಟುವವರಿಗೂ ಸೇರಿದ್ದು.

ಆರು ಅಣುಗಳ ಲೆಕ್ಕ

ಅಳತೆಗೆ ಶಾಲೆಯ ರಸಾಯನಶಾಸ್ತ್ರ ಸಾಕು. ಬ್ಯಾಕ್ಟೀರಿಯಾಕ್ಕೆ ಕಾರ್ಬನ್ ಮಾನಾಕ್ಸೈಡ್ ಮಾತ್ರ ಕೊಟ್ಟೆವು ಎನ್ನಿ. ಆರು ಅಣು ಮಾನಾಕ್ಸೈಡ್ ಮತ್ತು ಮೂರು ಅಣು ನೀರಿನಿಂದ ಅದು ಮಾಡುವುದು ಒಂದು ಅಣು ಎಥೆನಾಲ್. ಜೊತೆಗೆ ನಾಲ್ಕು ಅಣು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಉಂಡ ಆರು ಇಂಗಾಲದಲ್ಲಿ ಎರಡು ಮಾತ್ರ ಎಥೆನಾಲಿಗೆ ಸೇರುತ್ತದೆ, ನಾಲ್ಕು ಘಟಕದ ಕೊಳವೆಯಿಂದಲೇ ಗಾಳಿಗೆ ಹೋಗುತ್ತದೆ. ಆಮೇಲೆ ಆ ಎಥೆನಾಲ್ ಯಾವುದೋ ಕಾರಿನ ಎಂಜಿನ್ನಿನಲ್ಲಿ ಉರಿದಾಗ ಉಳಿದ ಎರಡೂ ಗಾಳಿಗೆ ಸೇರುತ್ತವೆ. ಒಟ್ಟು ಆರು. ಬ್ಯಾಕ್ಟೀರಿಯಾದ ಗೋಜಿಗೆ ಹೋಗದೆ ಕಾರ್ಖಾನೆಯಲ್ಲೇ ಆ ಆರು ಅಣುಗಳನ್ನು ಸುಟ್ಟಿದ್ದರೂ ಆರೇ ಹೋಗುತ್ತಿತ್ತು.

ಹಾಗಾದರೆ ಲಾಭ ಎಲ್ಲಿ? ಆ ಎಥೆನಾಲಿನಿಂದಾಗಿ ಉರಿಸದೆ ಉಳಿದ ಪೆಟ್ರೋಲಿನಲ್ಲಿ. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಬಿಡುವುದು ನಮ್ಮ ಹಿತ್ತಿಲುಗಳ ರೂಢಿ. ಅದರಿಂದ ಬಾಳೆಗೆಂದು ಇನ್ನೊಂದು ಕೊಡ ಸೇದುವುದು ತಪ್ಪುತ್ತದೆ, ಬಾವಿ ಮಾತ್ರ ತುಂಬುವುದಿಲ್ಲ. ಕುಲುಮೆಯ ಎಥೆನಾಲ್ ಮಾಡುವ ಉಪಕಾರ ಅಷ್ಟರದು. ಕಲ್ಲಿದ್ದಲಿನ ಇಂಗಾಲ ಗಾಳಿಗೆ ಹೋಗುವ ದಾರಿಯಲ್ಲಿ ಎರಡನೆಯ ಕೆಲಸವನ್ನೂ ಮಾಡಿಕೊಟ್ಟು ಹೋಗುತ್ತದೆ. ಹೋಗುವುದನ್ನು ಅದು ತಪ್ಪಿಸುವುದಿಲ್ಲ.

ಈ ಎರಡನೆಯ ಕೆಲಸಕ್ಕೂ ಒಂದು ಷರತ್ತಿದೆ. ಬ್ಯಾಕ್ಟೀರಿಯಾಕ್ಕೆ ಕೊಟ್ಟ ಅನಿಲ ಮೊದಲು ವಿದ್ಯುತ್ ಉತ್ಪಾದಿಸುತ್ತಿತ್ತು ಎಂದಾದರೆ, ಆ ವಿದ್ಯುತ್ತು ಈಗ ಬೇರೆಡೆಯಿಂದ ಬರಬೇಕು. ಕಲ್ಲಿದ್ದಲಿನ ಸ್ಥಾವರದಿಂದ ತಂದರೆ ಉಳಿಸಿದ ಪೆಟ್ರೋಲಿನ ಲಾಭವನ್ನು ಅದೇ ನುಂಗಬಹುದು. ಗಾಳಿ, ಬಿಸಿಲಿನಿಂದ ತಂದರೆ ಲಾಭ ಉಳಿಯುತ್ತದೆ. ಅನಿಲ ಮೊದಲು ಸುಮ್ಮನೆ ಸುಟ್ಟು ಹೋಗುತ್ತಿದ್ದರೆ ಲಾಭ ಅತಿ ಹೆಚ್ಚು. ಬ್ಯಾಕ್ಟೀರಿಯಾದ ಪರವಾಗಿಯೂ ಒಂದು ಮಾತು ಹೇಳಬೇಕು: ಆರು ಅಣು ಮಾನಾಕ್ಸೈಡ್ ಉರಿದರೆ ಬರುವ ಶಾಖದಲ್ಲಿ ಶೇ 80ರಷ್ಟು, ಕಾಗದದ ಮೇಲಿನ ಲೆಕ್ಕದಲ್ಲಿ, ಆ ಒಂದು ಎಥೆನಾಲ್ ಅಣುವಿನಲ್ಲಿ ಉಳಿದಿರುತ್ತದೆ. ಬ್ಯಾಕ್ಟೀರಿಯಾದ ಬೆಳವಣಿಗೆಗೆ, ಬಟ್ಟಿ ಇಳಿಸಲು, ಪಂಪುಗಳಿಗೆ ಹೋದದ್ದನ್ನು ಕಳೆದರೂ ದಕ್ಕುವುದು ಕಡಿಮೆಯೇನಲ್ಲ. ಅದೇ ಅನಿಲವನ್ನು ಬಾಯ್ಲರಿಗೆ ಹಾಕಿದರೆ ಮೂರರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ ವಿದ್ಯುತ್ತಾಗುತ್ತದೆ.

ಜಲಜನಕ ಸೇರಿದರೆ ಲೆಕ್ಕ ಇನ್ನೂ ಹಸನಾಗುತ್ತದೆ. ಎರಡು ಅಣು ಮಾನಾಕ್ಸೈಡಿಗೆ ನಾಲ್ಕು ಅಣು ಜಲಜನಕ ಸಿಕ್ಕರೆ ಎರಡೂ ಇಂಗಾಲ ಎಥೆನಾಲಿಗೇ ಹೋಗುತ್ತದೆ, ಹೊರಬರುವುದು ನೀರು ಮಾತ್ರ. ಜಲಜನಕ ಸಾಕಷ್ಟಿದ್ದರೆ ಈ ಬ್ಯಾಕ್ಟೀರಿಯಾ ಕಾರ್ಬನ್ ಡೈಆಕ್ಸೈಡನ್ನೂ ಉಣ್ಣುತ್ತದೆ. ಆದರೆ ಆ ಜಲಜನಕ ಎಲ್ಲಿಂದ ಬರಬೇಕು? ನೈಸರ್ಗಿಕ ಅನಿಲದಿಂದ ತೆಗೆದರೆ ಅಲ್ಲೂ ಇಂಗಾಲ ಹೊರಬೀಳುತ್ತದೆ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆಯುವುದು ಇಂದಿಗೂ ದುಬಾರಿ.

ಐರೋಪ್ಯ ಒಕ್ಕೂಟ ಈ ವ್ಯತ್ಯಾಸವನ್ನು ಕಾನೂನಿನಲ್ಲೇ ಬರೆದುಕೊಂಡಿದೆ. 2018ರ ನವೀಕರಿಸಬಹುದಾದ ಇಂಧನ ನಿರ್ದೇಶನದಲ್ಲಿ ಬೆಳೆಯಿಂದ ಬಂದ ಇಂಧನ ಒಂದು ವರ್ಗ. ಕಲ್ಲಿದ್ದಲು, ತೈಲ ಮೂಲದ ಉಳಿಕೆ ಅನಿಲದಿಂದ ಬಂದದ್ದು ಬೇರೆ ವರ್ಗ, ಅದಕ್ಕೆ ಮರುಬಳಕೆಯ ಇಂಗಾಲದ ಇಂಧನ ಎಂದು ಹೆಸರು. ಇದು ಪಳೆಯುಳಿಕೆ ಇಂಧನಕ್ಕಿಂತ ಕನಿಷ್ಠ ಶೇ 70ರಷ್ಟು ಕಡಿಮೆ ಹೊರಸೂಸಬೇಕು ಎಂದು 2023ರ ನಿಯಮ ಹೇಳುತ್ತದೆ. ಅನಿಲದ ಹಿಂದಿನ ಬಳಕೆ ತಪ್ಪಿದ್ದರಿಂದ ಬೇರೆಡೆ ಆಗುವ ಹೊರಸೂಸುವಿಕೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಮೇಲೆ ಹೇಳಿದ ವಿದ್ಯುತ್ತಿನ ಷರತ್ತು ಅಲ್ಲಿ ಕಾಗದದ ಮೇಲಿದೆ.

ನಮ್ಮಲ್ಲಿ ಹೇಗೆ?

ಭಾರತದ 2018ರ ಜೈವಿಕ ಇಂಧನ ನೀತಿ ಕೈಗಾರಿಕಾ ತ್ಯಾಜ್ಯ ಮತ್ತು ಉಳಿಕೆಗಳಿಂದ ಬರುವ ಇಂಧನವನ್ನೂ ‘ಮುಂದುವರಿದ ಜೈವಿಕ ಇಂಧನ’ದ ಸಾಲಿಗೆ ಸೇರಿಸಿದೆ. ಹೊರಸೂಸುವಿಕೆ ಕಡಿಮೆಯಿರಬೇಕು ಎಂದೂ ಹೇಳಿದೆ. ಎಷ್ಟು ಕಡಿಮೆ ಎಂಬ ಅಂಕಿ ಮಾತ್ರ ಆ ವ್ಯಾಖ್ಯೆಯಲ್ಲಿಲ್ಲ.

ಪಾಣಿಪತ್ ಘಟಕದ ಸಾಮರ್ಥ್ಯ ದಿನಕ್ಕೆ 1.28 ಲಕ್ಷ ಲೀಟರ್. ಶುದ್ಧೀಕರಣಾಗಾರದಲ್ಲಿ ಜಲಜನಕ ತಯಾರಿಸುವ ವಿಭಾಗದ ಉಳಿಕೆ ಅನಿಲ ಅದರ ಕಚ್ಚಾವಸ್ತು. ವರ್ಷಕ್ಕೆ 330 ದಿನ ಪೂರ್ಣವಾಗಿ ಓಡಿತೆಂದರೂ ಸುಮಾರು 4.2 ಕೋಟಿ ಲೀಟರ್ ಆಗುತ್ತದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸಲು ದೇಶಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 1,000 ಕೋಟಿ ಲೀಟರ್. ಅದರಲ್ಲಿ ಇದು ಶೇ ಅರ್ಧವೂ ಅಲ್ಲ. ಹಾಗೆಂದು ತಳ್ಳಿಹಾಕುವಂತಿಲ್ಲ. ಸಕ್ಕರೆಯಿಂದ ಬರುವ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. 2023ರಲ್ಲಿ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದಾಗ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ ಆ ಡಿಸೆಂಬರ್‌ನಲ್ಲಿ ಕಾರ್ಖಾನೆಗಳಿಗೆ ಆದೇಶಿಸಿದ್ದು ಬೆಳಗಾವಿ, ಬಾಗಲಕೋಟೆ, ಮಂಡ್ಯದವರಿಗೆ ಗೊತ್ತು. ಗದ್ದೆ, ಮಳೆ, ಅನ್ನ ಯಾವುದರ ಹಂಗೂ ಇಲ್ಲದ ಎಥೆನಾಲಿಗೆ ಬೆಲೆಯಿದೆ.

ಕರ್ನಾಟಕದಲ್ಲಿ ಇಂಥ ಅನಿಲ ಎಲ್ಲಿದೆ ಎಂದರೆ ಮೊದಲು ನೆನಪಾಗುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು. ಅಲ್ಲಿನ ಜಿಂದಾಲ್ ಕಾರ್ಖಾನೆ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. 1999ರ ಸುಮಾರಿಗೆ ಅದು ಆರಂಭವಾದದ್ದು ಕೋರೆಕ್ಸ್ ಎಂಬ ವಿಧಾನದಿಂದ. ಊದುಕುಲುಮೆಯ ಅನಿಲಕ್ಕಿಂತ ಹೆಚ್ಚು ಮಾನಾಕ್ಸೈಡ್ ಮತ್ತು ಜಲಜನಕ ಇರುವ ಅನಿಲ ಅದರಿಂದ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ಇದು ಹಬ್ಬದೂಟವೇ ಸರಿ. ಆದರೆ ಆ ಅನಿಲ ವ್ಯರ್ಥವಾಗುತ್ತಿರಲಿಲ್ಲ. ಪಕ್ಕದ ವಿದ್ಯುತ್ ಸ್ಥಾವರ ಮೊದಲಿನಿಂದಲೂ ಅದನ್ನು ಉರಿಸಿತು. ಮುಂದೆ ಅದೇ ಅನಿಲದಿಂದ ಅದಿರನ್ನು ನೇರವಾಗಿ ಕಬ್ಬಿಣ ಮಾಡುವ ಘಟಕವೂ ಬಂತು. ಇಂಥಲ್ಲಿ ಎಥೆನಾಲ್ ಘಟಕ ಕಟ್ಟುವ ಮಾತು ಬಂದರೆ, ಚಿಮಣಿಯ ಹೊಗೆ ಕಡಿಮೆಯಾಗುತ್ತದೆ ಎಂಬ ಭರವಸೆಗಿಂತ ಮೊದಲು ಆ ವಿದ್ಯುತ್ತನ್ನು ಯಾವುದರಿಂದ ತುಂಬುತ್ತೀರಿ ಎಂಬ ಉತ್ತರ ಬರಬೇಕು.

ಲಾಭವನ್ನು ಎರಡು ಕಡೆ ಬರೆದುಕೊಳ್ಳುವ ಅಪಾಯವೂ ಇದೆ. ಟನ್ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಹೊರಸೂಸಿದ್ದನ್ನು ಹಸಿರು ಉಕ್ಕು ಎಂದು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಗುರುತಿಸಿತು. ಇಂಗಾಲದ ಕ್ರೆಡಿಟ್‌ಗಳ ಮಾರಾಟಕ್ಕೆ 2023ರಲ್ಲೇ ಯೋಜನೆ ಪ್ರಕಟವಾಗಿದೆ. ಅನಿಲವನ್ನು ಎಥೆನಾಲ್ ಘಟಕಕ್ಕೆ ಕೊಟ್ಟೆವು, ನಮ್ಮ ಹೊಗೆ ಕಡಿಮೆಯಾಯಿತು ಎಂದು ಉಕ್ಕಿನವರು ಹೇಳಿ, ನಮ್ಮ ಎಥೆನಾಲ್ ಪೆಟ್ರೋಲನ್ನು ಉಳಿಸಿತು ಎಂದು ಇಂಧನದವರೂ ಹೇಳಿದರೆ ಒಂದೇ ಇಂಗಾಲಕ್ಕೆ ಎರಡು ಬಹುಮಾನ ಸಿಗುತ್ತದೆ. ಗಾಳಿಗೆ ಸೇರದೆ ಉಳಿದ ಇಂಗಾಲ ಮಾತ್ರ ಒಂದೇ ಪಾಲು.

ಕಲ್ಲಿದ್ದಲು ಬಿಟ್ಟರೆ

ಈ ತಂತ್ರಜ್ಞಾನದ ನಿಜವಾದ ಬೆಲೆ ಇರುವುದು ಬೇರೊಂದು ಕಡೆ ಎಂಬುದು ನನ್ನ ಅಭಿಪ್ರಾಯ. ಮಾನಾಕ್ಸೈಡ್ ಕಲ್ಲಿದ್ದಲಿನಿಂದ ಬಂತೋ ಕಬ್ಬಿನ ರವದಿಯಿಂದ ಬಂತೋ ಎಂದು ಬ್ಯಾಕ್ಟೀರಿಯಾ ನೋಡುವುದಿಲ್ಲ. ಒಣ ಸಸ್ಯತ್ಯಾಜ್ಯವನ್ನು ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಶಾಖಕ್ಕೆ ಒಡ್ಡಿದರೆ ಅದು ಮಾನಾಕ್ಸೈಡ್ ಮತ್ತು ಜಲಜನಕದ ಮಿಶ್ರಣವಾಗುತ್ತದೆ. ಹುಲ್ಲು, ಕಡ್ಡಿಗಳಲ್ಲಿರುವ ಲಿಗ್ನಿನ್ ಎಂಬ ಗಡಸು ಅಂಶವನ್ನು ಯೀಸ್ಟ್ ಮುಟ್ಟುವುದಿಲ್ಲ. ಅನಿಲ ಮಾಡಿದರೆ ಲಿಗ್ನಿನ್ ಕೂಡ ಊಟವಾಗುತ್ತದೆ. ಆ ಇಂಗಾಲವನ್ನು ಗಿಡ ಗಾಳಿಯಿಂದ ತೆಗೆದುಕೊಂಡದ್ದು ಇತ್ತೀಚೆಗೆ, ಮುಂದಿನ ಬೆಳೆ ಮತ್ತೆ ತೆಗೆದುಕೊಳ್ಳುತ್ತದೆ. ಇಲ್ಲಿ ಸಿಗುವ ಎಥೆನಾಲನ್ನು ನವೀಕರಿಸಬಹುದಾದದ್ದು ಎನ್ನಲು ಅಡ್ಡಿಯಿಲ್ಲ.

ಜಪಾನಿನ ಸೆಕಿಸುಯಿ ಕೆಮಿಕಲ್ ಕಂಪನಿ ಊರಿನ ಕಸದ ಮೇಲೇ ಇದನ್ನು ಪ್ರಯತ್ನಿಸಿದೆ. ಇವಾಟೆ ಪ್ರಾಂತ್ಯದ ಕುಜಿ ನಗರದಲ್ಲಿ ದಿನಕ್ಕೆ 20 ಟನ್ ಕಸವನ್ನು ಅನಿಲವಾಗಿಸಿ ಎಥೆನಾಲ್ ಮಾಡುವ ಪ್ರಾತ್ಯಕ್ಷಿಕೆ ಘಟಕ ಕಟ್ಟಿದೆ. ಹಾದಿ ಸಲೀಸಲ್ಲ. ಕಸದ ಅನಿಲ ದಿನಕ್ಕೊಂದು ಬಗೆ. ಅದರಲ್ಲಿ ಟಾರು, ಸಯನೈಡ್, ಇನ್ನೇನೇನೋ ಇರುತ್ತವೆ. ವೆರೊ ಬೀಚ್‌ನಲ್ಲಿ ಬ್ಯಾಕ್ಟೀರಿಯಾಕ್ಕೆ ವಿಷವಾದದ್ದೂ ಇಂಥದೇ. ಉಕ್ಕಿನ ಕುಲುಮೆಗಳ ಬಳಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ತೊಟ್ಟಿಯ ವಿನ್ಯಾಸ, ಅನಿಲ ತೊಳೆಯುವ ವಿಧಾನ, ಬ್ಯಾಕ್ಟೀರಿಯಾವನ್ನು ತಿಂಗಳುಗಟ್ಟಲೆ ಆರೋಗ್ಯವಾಗಿಡುವ ಕೌಶಲ.

ಬೆಳೆಯ ಇಂಗಾಲ ಎಂದ ಕೂಡಲೇ ಲೆಕ್ಕ ಶುದ್ಧವಾಯಿತು ಎಂದೂ ತಿಳಿಯಬಾರದು. ಅದಕ್ಕೆ ಭದ್ರಾವತಿಯ ಇತಿಹಾಸ ಸಾಕ್ಷಿ. ಇಂದಿನ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ ಶುರುವಾದದ್ದು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’ ಎಂಬ ಹೆಸರಿನಲ್ಲಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಮರವನ್ನು ಇದ್ದಿಲು ಮಾಡುವಾಗ ಬಂದ ಆವಿಯನ್ನು ಹಿಡಿದು ಮದ್ಯಸಾರದಂಥ ರಾಸಾಯನಿಕಗಳನ್ನು ತೆಗೆಯುತ್ತಿದ್ದರು. ನೂರು ವರ್ಷದ ಹಿಂದೆಯೇ ಕಬ್ಬಿಣ ಮತ್ತು ಮದ್ಯಸಾರ ಒಂದೇ ಆವರಣದಿಂದ ಹೊರಬರುತ್ತಿದ್ದವು. ಆ ಇಂಗಾಲ ಕಲ್ಲಿದ್ದಲಿನದಲ್ಲ, ಕಾಡಿನದು. ಕಡಿದಷ್ಟು ಕಾಡು ಮತ್ತೆ ಬೆಳೆದರೆ ಮಾತ್ರ ಅದರ ಲೆಕ್ಕ ಸರಿಹೋಗುತ್ತದೆ. ಇಂದಿನ ಬೆಳೆ ಉಳಿಕೆಗೂ ಇದೇ ಮಾತು. ಪಂಜಾಬಿನಲ್ಲಿ ಸುಡುವ ಭತ್ತದ ಹುಲ್ಲು ನಮ್ಮಲ್ಲಿ ದನಗಳ ಮೇವು. ತೊಗರಿ ಕಟ್ಟಿಗೆ ಕಲಬುರಗಿಯ ಎಷ್ಟೋ ಮನೆಗಳ ಒಲೆಗೆ ಸೌದೆ. ಗದ್ದೆಯಲ್ಲಿ ಬೆಂಕಿ ಇಡುವ ಕಬ್ಬಿನ ರವದಿಯಲ್ಲೂ ಮಣ್ಣಿಗೆ ಸೇರಬೇಕಾದ ಒಂದು ಪಾಲಿದೆ.

ಬ್ಯಾಕ್ಟೀರಿಯಾ ಕೊಡುವುದು ಇಂಧನ ಮಾತ್ರ ಆಗಬೇಕಿಲ್ಲ ಎಂಬುದೂ ಗಮನಿಸುವಂಥದು. ಎಥೆನಾಲ್ ಇಂಧನವಾದರೆ ಅದರ ಇಂಗಾಲ ಕೆಲವೇ ವಾರಗಳಲ್ಲಿ ಗಾಳಿಗೆ ಸೇರುತ್ತದೆ. ಬಾಳಿಕೆ ಬರುವ ವಸ್ತುವಾದರೆ ವರ್ಷಗಳ ಕಾಲ ನಿಲ್ಲುತ್ತದೆ. ಇದೇ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ತಿದ್ದಿ ಅಸಿಟೋನ್ ಮತ್ತು ಐಸೊಪ್ರೊಪನಾಲ್ ತಯಾರಿಸಿದ ವಿವರ 2022ರಲ್ಲಿ ‘ನೇಚರ್ ಬಯೊಟೆಕ್ನಾಲಜಿ’ಯಲ್ಲಿ ಪ್ರಕಟವಾಯಿತು. ತೊಟ್ಟಿಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೈಯೇ ಪ್ರೋಟೀನ್. ಚೀನಾ 2021ರಲ್ಲಿ ಅದಕ್ಕೆ ಪ್ರಾಣಿಗಳ ಆಹಾರವಾಗಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಸ್ಟ್ರಿಂಗ್ ಬಯೊ ಕಂಪನಿ ಮೀಥೇನ್ ಉಣ್ಣುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾದಿಂದ ಇಂಥದೇ ಪ್ರೋಟೀನ್ ಮಾಡುವ ಹಾದಿಯಲ್ಲಿದೆ.

ಕೇಳಬೇಕಾದ ಪ್ರಶ್ನೆಗಳು

ದೇಶದ ಉಕ್ಕು ಉತ್ಪಾದನಾ ಸಾಮರ್ಥ್ಯವನ್ನು 2030–31ರ ಹೊತ್ತಿಗೆ 30 ಕೋಟಿ ಟನ್ನಿಗೆ ಏರಿಸುವ ಗುರಿಯನ್ನು 2017ರ ರಾಷ್ಟ್ರೀಯ ಉಕ್ಕು ನೀತಿ ಇಟ್ಟುಕೊಂಡಿದೆ. ಇಂದು ಕಟ್ಟಿದ ಊದುಕುಲುಮೆ ದಶಕಗಳ ಕಾಲ ಓಡುತ್ತದೆ. ಇನ್ನೊಂದು ಕಡೆ ಜಲಜನಕದಿಂದ ಅದಿರನ್ನು ಕಬ್ಬಿಣ ಮಾಡುವ ಪ್ರಯತ್ನ ನಡೆದಿದೆ. ಸ್ವೀಡನ್ನಿನ ಹೈಬ್ರಿಟ್ ಯೋಜನೆ 2021ರಲ್ಲಿ ಅಂಥ ಉಕ್ಕಿನ ಮೊದಲ ಕಂತನ್ನು ವೋಲ್ವೊ ಕಂಪನಿಗೆ ಕೊಟ್ಟಿತು. ಆ ಹಾದಿಯಲ್ಲಿ ಮಾನಾಕ್ಸೈಡ್ ಹುಟ್ಟುವುದೇ ಇಲ್ಲ. ಎಥೆನಾಲ್ ಘಟಕಕ್ಕೆ ಕೋಟಿಗಟ್ಟಲೆ ಸುರಿದ ಮೇಲೆ, ಅದಕ್ಕೆ ಅನಿಲ ಬೇಕು ಎಂಬ ಕಾರಣಕ್ಕೇ ಹಳೆಯ ಕುಲುಮೆಯನ್ನು ಇಟ್ಟುಕೊಳ್ಳುವ ಸ್ಥಿತಿ ಬರಬಾರದು.

ಹಾಗಾಗಿ ಇಂಥ ಪ್ರತಿ ಘಟಕಕ್ಕೂ ಸಾರ್ವಜನಿಕ ಹಣ ಅಥವಾ ರಿಯಾಯಿತಿ ಕೊಡುವ ಮೊದಲು ಮೂರು ಉತ್ತರಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಈ ಅನಿಲದ ಇಂಗಾಲ ನೆಲದಡಿಯಿಂದ ಬಂದದ್ದೋ, ಗದ್ದೆ ಅಥವಾ ಕಸದಿಂದ ಬಂದದ್ದೋ? ಘಟಕ ಬರುವ ಮೊದಲು ಅದು ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸಕ್ಕೆ ಈಗ ಏನು ಬದಲಿ? ಉಳಿತಾಯವನ್ನು ಯಾರ ಖಾತೆಗೆ ಬರೆಯಲಾಗುತ್ತದೆ? ಮೂರೂ ಕಷ್ಟದ ಪ್ರಶ್ನೆಗಳಲ್ಲ. ಕಾರ್ಖಾನೆಯ ಅನಿಲದ ದಿನಚರಿಯಲ್ಲಿ, ವಿದ್ಯುತ್ ಬಿಲ್ಲಿನಲ್ಲಿ ಉತ್ತರಗಳು ಇದ್ದೇ ಇರುತ್ತವೆ. ಸುಮ್ಮನೆ ಸುಟ್ಟು ಹೋಗುತ್ತಿದ್ದ ಅನಿಲಕ್ಕೆ ಈ ಘಟಕ ಬಂದರೆ ಕಣ್ಣು ಮುಚ್ಚಿ ಸ್ವಾಗತಿಸಬಹುದು. ವಿದ್ಯುತ್ ಕೊಡುತ್ತಿದ್ದ ಅನಿಲವಾದರೆ ಬದಲಿ ವಿದ್ಯುತ್ತಿನ ಮೂಲ ನೋಡಿ ಒಪ್ಪಬೇಕು. ಬೆಳೆ ಉಳಿಕೆ ಮತ್ತು ಊರ ಕಸದಿಂದ ಅನಿಲ ಮಾಡುವ ಘಟಕಕ್ಕೆ, ಮೇವು, ಮಣ್ಣಿನ ಪಾಲನ್ನು ಬಿಟ್ಟು ಉಳಿದದ್ದನ್ನು ಬಳಸುವುದಾದರೆ, ಈ ಎರಡಕ್ಕಿಂತ ಹೆಚ್ಚಿನ ಪ್ರೋತ್ಸಾಹ ಸಲ್ಲಬೇಕು. ಮೂರಕ್ಕೂ ಒಂದೇ ಹೆಸರು, ಒಂದೇ ರಿಯಾಯಿತಿ ಕೊಟ್ಟರೆ ಬಂಡವಾಳ ಸುಲಭದ ಅನಿಲ ಇರುವ ಕಡೆಗೇ ಹರಿಯುತ್ತದೆ. ಸುಲಭದ ಅನಿಲ ಇರುವುದು ಕಲ್ಲಿದ್ದಲು ಉರಿಯುವ ಜಾಗದಲ್ಲಿ.